ರಾಣಿ ಆಡಿದ ಮಾತೋ, ಸಿನಿಮಾ ಡೈಲಾಗೋ?

ಮೊದಲು ಒಂದು ಸೀನು ಹೇಳ್ತೀನಿ, ಕೇಳಿ.

ಲಂಡನ್ನಿನ ಅರಮನೆ. ಚುನಾವಣೆ ಗೆದ್ದು ಬಂದ ಹೊಸ ಪ್ರಧಾನಿ. ವಯಸ್ಸು ನಲವತ್ತಮೂರು. ಮುಖದ ತುಂಬಾ ನಗು, ಒಳಗೊಳಗೇ ಅಳುಕು. ಎದುರಿಗೆ ರಾಣಿ ಎಲಿಜಬೆತ್. ಆಕೆ ಸಿಂಹಾಸನ ಏರಿದಾಗ ಈ ಆಸಾಮಿ ಇನ್ನೂ ಹುಟ್ಟೇ ಇರಲಿಲ್ಲ! ರಾಣಿ ತಣ್ಣಗೆ ಒಂದು ಮಾತು ಬಿಡ್ತಾರೆ. ತಾನು ಕಂಡ ಪ್ರಧಾನಿಗಳಲ್ಲಿ ಈತ ಹತ್ತನೆಯವನು, ಮೊದಲನೆಯವರು ಚರ್ಚಿಲ್ ಅನ್ನೋ ಅರ್ಥದ ಮಾತು. ಅಷ್ಟೇ. ಹೊಸಬನ ಜಂಬ ಜರ್ರನೆ ಇಳಿದುಹೋಗುತ್ತೆ.

ಇದು 2006ರಲ್ಲಿ ತೆರೆಗೆ ಬಂದ 'ದಿ ಕ್ವೀನ್' ಚಿತ್ರದ ಆರಂಭದ ಸೀನು. ನಿರ್ದೇಶನ ಸ್ಟೀಫನ್ ಫ್ರಿಯರ್ಸ್. ರಾಣಿಯಾಗಿ ಹೆಲೆನ್ ಮಿರನ್. ಆ ಪಾತ್ರಕ್ಕೇ ಆಸ್ಕರ್ ಹೊಡೆದುಕೊಂಡ ಮಹಾತಾಯಿ. ಪ್ರಧಾನಿ ಟೋನಿ ಬ್ಲೇರ್ ಪಾತ್ರದಲ್ಲಿ ಮೈಕೆಲ್ ಶೀನ್. ಕಥೆ, ಸಂಭಾಷಣೆ ಪೀಟರ್ ಮಾರ್ಗನ್. 1997ರಲ್ಲಿ ರಾಜಕುಮಾರಿ ಡಯಾನಾ ಪ್ಯಾರಿಸ್ಸಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅರಮನೆ ಒಳಗೆ ಏನೇನು ನಡೆದಿರಬಹುದು ಅನ್ನೋದೇ ಚಿತ್ರದ ಕಥೆ.

ಈಗ ರೀಲು ನಾಲ್ಕು ವರ್ಷ ಮುಂದಕ್ಕೆ ಓಡಿಸಿ. 2010ರ ಸೆಪ್ಟೆಂಬರ್ 1. ಅಸಲಿ ಟೋನಿ ಬ್ಲೇರ್ ಬರೆದ ಆತ್ಮಕಥೆ ಅಂಗಡಿಗೆ ಬಂತು. ಹೆಸರು 'ಎ ಜರ್ನಿ'. ಏಳುನೂರು ಪುಟದ ದಿಂಡು. ಅದರಲ್ಲಿ ತಾನು ಮೊದಲ ಸಲ ಅರಮನೆಗೆ ಹೋದ ಪ್ರಸಂಗ ಇದೆ. ರಾಣಿ ತನಗೆ ಏನಂದರು ಅಂತಲೂ ಬರೆದಿದ್ದಾರೆ. ಏನಂದರಂತೆ? ಅದೇ ಮಾತು! ಹತ್ತನೇ ಪ್ರಧಾನಿ, ಮೊದಲನೆಯವರು ಚರ್ಚಿಲ್!

ಓದಿದವರು ಹುಬ್ಬೇರಿಸಿದರು. ಪತ್ರಿಕೆಯವರು ನೇರವಾಗಿ ಸಂಭಾಷಣೆಕಾರನ ಹತ್ತಿರ ಓಡಿದರು. ಪೀಟರ್ ಮಾರ್ಗನ್ ನಕ್ಕುಬಿಟ್ಟ. ಆ ಸಾಲನ್ನ ತಾನೇ ಕೂತು ಕಲ್ಪಿಸಿ ಬರೆದದ್ದು, ಒಳಗಿನ ಸುದ್ದಿ ಯಾರೂ ತನಗೆ ಕೊಟ್ಟಿರಲಿಲ್ಲ ಅಂದ. ರಾಣಿ ಮತ್ತು ಪ್ರಧಾನಿ ಭೇಟಿಯಲ್ಲಿ ಮೂರನೆಯವರು ಇರೋದಿಲ್ಲ, ಯಾರೂ ಬರಕೊಳ್ಳೋದಿಲ್ಲ, ಹೊರಗೆ ಹೇಳೋ ಪದ್ಧತಿಯೂ ಇಲ್ಲ. ಹಾಗಾಗಿ ವಿಚಾರಿಸೋ ಗೋಜಿಗೇ ಹೋಗಿರಲಿಲ್ಲವಂತೆ. ಆಮೇಲೆ ಮೂರು ಸಾಧ್ಯತೆ ಮುಂದಿಟ್ಟ. ಒಂದು, ತನ್ನ ಊಹೆ ಅಕ್ಷರಶಃ ನಿಜವಾಗಿರಬೇಕು, ಅದು ಕಷ್ಟ. ಎರಡು, ತಾನು ಕಲ್ಪಿಸಿದ್ದನ್ನೇ ಅಧಿಕೃತ ಅಂತ ಬ್ಲೇರ್ ಒಪ್ಪಿಕೊಂಡುಬಿಟ್ಟಿರಬೇಕು. ಮೂರು, ಜಿನ್ನು ಒಂದು ಗ್ಲಾಸು ಜಾಸ್ತಿಯಾಗಿ ಸಿನಿಮಾ ಯಾವುದು, ಬದುಕು ಯಾವುದು ಅನ್ನೋದು ಕಲಸಿಹೋಗಿರಬೇಕು!

ತಮಾಷೆ ಏನು ಗೊತ್ತಾ? ತಾನು ಆ ಚಿತ್ರ ನೋಡೇ ಇಲ್ಲ ಅಂತ ಬ್ಲೇರ್ ಯಾವಾಗಲೂ ಹೇಳ್ಕೊಂಡು ಬಂದಿದ್ದರು.

ಹಾಗಾದರೆ ನಿಜ ಏನು? ರಾಣಿ 2022ರ ಸೆಪ್ಟೆಂಬರ್ 8ಕ್ಕೆ ತೀರಿಕೊಂಡರು. ಅದಕ್ಕೆ ಎರಡೇ ದಿನ ಮೊದಲು ಹದಿನೈದನೇ ಪ್ರಧಾನಿಯನ್ನೂ ನೇಮಿಸಿ ಹೋದರು. ಆ ಕೋಣೆಯಲ್ಲಿದ್ದ ಇಬ್ಬರಲ್ಲಿ ಈಗ ಉಳಿದಿರೋದು ಒಬ್ಬರೇ.

* * *

'ಏನಯ್ಯಾ, ಸಿನಿಮಾ ಪತ್ರಿಕೇಲಿ ಇಂಗ್ಲೆಂಡಿನ ರಾಜಕಾರಣಿ ಪುರಾಣ ಯಾಕೆ?' ಅಂತ ನೀವು ಕೇಳೋ ಮೊದಲೇ ಹೇಳಿಬಿಡ್ತೀನಿ. ಈ ಪುಸ್ತಕದ ಕಥೆ ಒಂದು ಸಿನಿಮಾ ಬಿಡುಗಡೆಗಿಂತ ಕಡಿಮೆಯದ್ದಲ್ಲ. ಒಂದು ಕಡೆ ಕ್ಯೂ, ಇನ್ನೊಂದು ಕಡೆ ಮೊಟ್ಟೆ. ಒಂದು ಕಡೆ ಜೈಕಾರ, ಇನ್ನೊಂದು ಕಡೆ ಧಿಕ್ಕಾರ. ಕಟೌಟಿಗೆ ಹಾಲೆರೆಯೋ ನಮ್ಮಂಥವರು ತಿಳಕೊಳ್ಳಬೇಕಾದ ಪಾಠವೂ ಒಂದಿದೆ. ಪಿಯುಸಿಗೇ ಕೈಮುಗಿದು ಬಂದ ನಾನು ಪಾಠ ಹೇಳೋದು ಅಂದ್ರೆ ನಗು ಬರಬಹುದು. ನಗಿ, ಆದರೆ ಪೂರ್ತಿ ಓದಿ ನಗಿ.

ಬ್ಲೇರ್ ಯಾರು ಅಂತ ಚಿಕ್ಕದಾಗಿ ಹೇಳ್ತೀನಿ. ಲೇಬರ್ ಪಕ್ಷದ ನಾಯಕ. ಕಾಲೇಜಿನಲ್ಲಿ ರಾಕ್ ಬ್ಯಾಂಡ್ ಕಟ್ಟಿಕೊಂಡು ಹಾಡಿದವರು. ನೋಡೋಕೆ ಚೆಂದ, ಮಾತು ಇನ್ನೂ ಚೆಂದ. 1997ರ ಚುನಾವಣೆಯಲ್ಲಿ 418 ಸೀಟು. ಎದುರಾಳಿಗಳನ್ನೆಲ್ಲ ಒಟ್ಟು ಸೇರಿಸಿದರೂ ಇವರಿಗೆ 179 ಸೀಟು ಹೆಚ್ಚು. ಈ 179 ಅನ್ನೋ ಅಂಕಿ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ. ಆಮೇಲೆ 2001, 2005. ಹ್ಯಾಟ್ರಿಕ್! 2007ರ ಜೂನ್‌ನಲ್ಲಿ ಕುರ್ಚಿ ಬಿಟ್ಟು ಇಳಿದಾಗ ಹತ್ತು ವರ್ಷ ಆಗಿತ್ತು.

ಹೀರೋ ಅಂದ್ರೆ ಹೀಗಿರಬೇಕು ಅಂತ ಶಿಳ್ಳೆ ಹೊಡೆದ ಜನವೇ ಕೊನೆಗೆ ಎರಡು ಪಾಲಾದರು. ಕಾರಣ ಒಂದೇ. ಇರಾಕ್.

2002ರ ಸೆಪ್ಟೆಂಬರ್‌ನಲ್ಲಿ ಬ್ಲೇರ್ ಸರ್ಕಾರ ಒಂದು ವರದಿ ಹೊರಗೆ ಬಿಟ್ಟಿತು. ಸದ್ದಾಂ ಹುಸೇನ್ ಹತ್ತಿರ ಭಯಂಕರ ಅಸ್ತ್ರಗಳಿವೆ, ಅವುಗಳಲ್ಲಿ ಕೆಲವನ್ನ 45 ನಿಮಿಷದಲ್ಲಿ ಹೂಡಬಲ್ಲ ಅಂತ ಅದರಲ್ಲಿತ್ತು. 2003ರ ಫೆಬ್ರವರಿ 15ರಂದು ಲಂಡನ್ನಿನ ಬೀದಿಯಲ್ಲಿ ಲಕ್ಷಗಟ್ಟಲೆ ಜನ ಯುದ್ಧ ಬೇಡ ಅಂತ ಮೆರವಣಿಗೆ ಹೋದರು. ಮಂತ್ರಿ ರಾಬಿನ್ ಕುಕ್ ರಾಜೀನಾಮೆ ಬಿಸಾಕಿ ಎದ್ದುಹೋದರು. ಬ್ಲೇರ್ ಬಗ್ಗಲಿಲ್ಲ. ಮಾರ್ಚ್ 20ಕ್ಕೆ ಅಮೆರಿಕದ ಜೊತೆ ಸೇರಿ ಯುದ್ಧ ಶುರು. ಸದ್ದಾಂ ಬಿದ್ದ. ಆದರೆ ಆ ಅಸ್ತ್ರಗಳು? ಮೂಲೆಮೂಲೆ ಜಾಲಾಡಿದರೂ ಸಿಗಲಿಲ್ಲ. ಇರಾಕಿನಲ್ಲಿ ಲಕ್ಷಕ್ಕೂ ಮೀರಿ ಸಾಮಾನ್ಯ ಜನ ಸತ್ತರು.

ಇಷ್ಟು ಹಿನ್ನೆಲೆ ಇರೋ ಮನುಷ್ಯ ಬರೆದ ಆತ್ಮಕಥೆ ಅಂದ್ರೆ ಸುಮ್ಮನೇನಾ?

* * *

ಪುಸ್ತಕಕ್ಕೆ ಮೊದಲು ಇಟ್ಟ ಹೆಸರು 'ದಿ ಜರ್ನಿ'. ಆಮೇಲೆ 'ಎ ಜರ್ನಿ' ಆಯ್ತು. ಜಗತ್ತಿನಲ್ಲಿ ಇದೊಂದೇ ಪಯಣ ಅನ್ನೋ ಧಾಟಿ ಹೋಗಿ, ಇದೂ ಒಂದು ಪಯಣ ಅನ್ನೋ ವಿನಯ ಬಂತು. ಟೈಟಲ್ ಬದಲಾಯಿಸೋ ಚಾಳಿ ನಮ್ಮ ಪ್ರೊಡ್ಯೂಸರುಗಳದ್ದು ಮಾತ್ರ ಅಲ್ಲ ಬಿಡಿ!

ಮಾರಾಟ? ಹೌಸ್‌ಫುಲ್! ಮೊದಲ ನಾಲ್ಕೇ ದಿನದಲ್ಲಿ ತೊಂಬತ್ತು ಸಾವಿರ ಪ್ರತಿ ದಾಟಿತು. ಆತ್ಮಕಥೆಗಳಲ್ಲಿ ಇಷ್ಟು ಬೇಗ ಖರ್ಚಾದದ್ದು ಇನ್ನೊಂದಿಲ್ಲ ಅಂತ ವಾಟರ್‌ಸ್ಟೋನ್ಸ್ ಅನ್ನೋ ದೊಡ್ಡ ಪುಸ್ತಕದ ಅಂಗಡಿಯವರು ಹೇಳಿಕೊಂಡರು.

ಸೆಪ್ಟೆಂಬರ್ 4, ಶನಿವಾರ. ಐರ್ಲೆಂಡಿನ ಡಬ್ಲಿನ್ ನಗರ, ಓಕಾನೆಲ್ ಸ್ಟ್ರೀಟು, ಈಸನ್ ಪುಸ್ತಕದ ಅಂಗಡಿ. ಬ್ಲೇರ್ ಖುದ್ದಾಗಿ ಕೂತು ಪುಸ್ತಕಕ್ಕೆ ಸಹಿ ಹಾಕಿಕೊಡ್ತಾರೆ ಅಂತ ಪ್ರಚಾರ. ನೂರಾರು ಜನ ಕ್ಯೂ ನಿಂತರು. ಬ್ಯಾಗು, ಮೊಬೈಲು ಎಲ್ಲ ಬಾಗಿಲಲ್ಲೇ ಒಪ್ಪಿಸಿ ಒಳಗೆ ಹೋಗಬೇಕು. ಆಚೆ ಬದಿಯಲ್ಲಿ ಇನ್ನೊಂದು ಗುಂಪು. ಅವರ ಕೈಯಲ್ಲಿ ಬೋರ್ಡು, ಬಾಯಲ್ಲಿ ಧಿಕ್ಕಾರ. ಬ್ಲೇರ್ ಕಾರು ಬಂದು ನಿಂತದ್ದೇ ತಡ, ಮೊಟ್ಟೆ ಹಾರಿದವು, ಬಾಟ್ಲಿ ಹಾರಿದವು, ಚಪ್ಪಲಿ ಹಾರಿದವು! ಒಂದೂ ತಗುಲಲಿಲ್ಲ. ಪೊಲೀಸರು ನಾಲ್ಕು ಜನರನ್ನ ಎತ್ತಿ ಹಾಕಿಕೊಂಡು ಹೋದರು. ಕ್ಯೂನಲ್ಲಿದ್ದವರನ್ನೂ ಆಚೆಯವರು ಬಿಡಲಿಲ್ಲ, 'ನಾಚಿಕೆ ಆಗಲ್ವಾ' ಅಂತ ಕೂಗಾಡಿದರು.

ಲಂಡನ್ನಿನಲ್ಲಿ 8ನೇ ತಾರೀಖು ಇಂಥದ್ದೇ ಕಾರ್ಯಕ್ರಮ ಇತ್ತು. ಜನಕ್ಕೆ ತೊಂದರೆ, ಪೊಲೀಸರಿಗೆ ಖರ್ಚು ಅಂತ ಕಾರಣ ಕೊಟ್ಟು ಬ್ಲೇರ್ ಕೈಬಿಟ್ಟರು. ಅಲ್ಲಿನ ಜನ ಬೇರೆ ದಾರಿ ಹಿಡಿದರು. ಅಂಗಡಿಗೆ ಹೋಗೋದು, ಆತ್ಮಕಥೆ ಕಪಾಟಿನಲ್ಲಿದ್ದ ಬ್ಲೇರ್ ಪುಸ್ತಕ ಮೆಲ್ಲಗೆ ತೆಗೆಯೋದು, ಕೊಲೆ ಸುಲಿಗೆ ಪತ್ತೇದಾರಿ ಪುಸ್ತಕಗಳ ಸಾಲಿನಲ್ಲಿ ಇಟ್ಟು ಬರೋದು! ಊರೂರಲ್ಲಿ ಇದೇ ಆಟ. ಕಲ್ಲು ಹೊಡೆಯದೆ, ಗಾಜು ಒಡೆಯದೆ ಮಾಡಿದ ಪ್ರತಿಭಟನೆ. ಅಂಗಡಿ ಹುಡುಗರಿಗೆ ಮಾತ್ರ ದಿನಾ ಪುಸ್ತಕ ಹುಡುಕಿ ವಾಪಸ್ ಇಡೋ ಕೆಲಸ.

* * *

ಈಗ ನ್ಯಾಯವಾಗಿ ಮಾತಾಡೋಣ. ಕ್ಯೂ ನಿಂತವರು ದಡ್ಡರೇ?

ಅಲ್ಲ. ಡಬ್ಲಿನ್ ಅಂದ್ರೆ ಐರ್ಲೆಂಡು. ಪಕ್ಕದ ಉತ್ತರ ಐರ್ಲೆಂಡಿನಲ್ಲಿ ಮೂವತ್ತು ವರ್ಷ ಬಾಂಬು, ಬಂದೂಕು, ಕೊಲೆಗೆ ಕೊಲೆ. ಮೂರೂವರೆ ಸಾವಿರದಷ್ಟು ಜನ ಸತ್ತಿದ್ದರು. 1998ರ ಏಪ್ರಿಲ್ 10ರಂದು ಒಂದು ಒಪ್ಪಂದ ಆಯ್ತು. ಗುಡ್ ಫ್ರೈಡೇ ಒಪ್ಪಂದ ಅಂತಾರೆ. ಮಾತೇ ಆಡದವರನ್ನ ಮಾತಿಗೆ ಕೂರಿಸಿದವರಲ್ಲಿ ಬ್ಲೇರ್ ಕೂಡ ಒಬ್ಬರು. ಅಂದಿನಿಂದ ಎಷ್ಟೋ ಮನೆಯ ಮಕ್ಕಳು ರಾತ್ರಿ ಸುರಕ್ಷಿತವಾಗಿ ಮನೆ ಸೇರಿದ್ದಾರೆ. ಅಂಥ ಮನೆಯವರು ಒಂದು ಪುಸ್ತಕ ಕೊಂಡು ಕೈ ಕುಲುಕಿ ಬಂದರೆ ತಪ್ಪೇನು?

ಹಾಗಾದರೆ ಚಪ್ಪಲಿ ಎಸೆದವರು ಪೋಕರಿಗಳೇ? ಎಸೆದದ್ದು ಸರಿ ಅಂತ ನಾನು ಹೇಳೋದಿಲ್ಲ. ಸಿಟ್ಟು ಮಾತ್ರ ಸುಳ್ಳಲ್ಲ. ಇಲ್ಲದ ಅಸ್ತ್ರ ತೋರಿಸಿ ದೇಶವನ್ನ ಯುದ್ಧಕ್ಕೆ ದೂಡಿದರೆ ಸಿಟ್ಟು ಬರದೆ ಇನ್ನೇನು ಬರುತ್ತೆ?

ನಮ್ಮ ಚಿತ್ರಗಳಲ್ಲಿ ದ್ವಿಪಾತ್ರ ಇರುತ್ತಲ್ಲ, ಎಷ್ಟು ಸುಲಭ ನೋಡಿ! ಒಬ್ಬ ಒಳ್ಳೆಯವನು, ಇನ್ನೊಬ್ಬ ಕೆಟ್ಟವನು. ಕೆಟ್ಟವನಿಗೆ ಕೆನ್ನೆ ಮೇಲೆ ಮಚ್ಚೆ, ಕೈಯಲ್ಲಿ ಸಿಗರೇಟು. ಗಾಂಧಿಕ್ಲಾಸಿನ ಹುಡುಗನೂ ಗುರುತು ಹಿಡೀತಾನೆ. ಬದುಕಿನಲ್ಲಿ ಹಾಗಲ್ಲ. ಬೆಲ್‌ಫಾಸ್ಟಿಗೆ ಶಾಂತಿ ತಂದವನೂ ಬಾಗ್ದಾದಿಗೆ ಬಾಂಬು ಕಳಿಸಿದವನೂ ಒಬ್ಬನೇ. ಮಚ್ಚೆ ಇಲ್ಲ. ಡಬ್ಲಿನ್ನಿನ ಆ ಬೀದಿಯಲ್ಲಿ ಒಂದು ಗುಂಪು ಮೊದಲನೆಯವನನ್ನ ನೋಡೋಕೆ ಬಂದಿತ್ತು, ಇನ್ನೊಂದು ಗುಂಪು ಎರಡನೆಯವನನ್ನ ಹಿಡಿಯೋಕೆ ಬಂದಿತ್ತು. ಕಾರಿನಿಂದ ಇಳಿದದ್ದು ಒಬ್ಬನೇ ಮನುಷ್ಯ.

ಇನ್ನೊಂದು ಗಮನಿಸಿ. ಪುಸ್ತಕ ಅಂಗಡಿಗೆ ಬಂದು ಮೂರೇ ದಿನ ಆಗಿತ್ತು. ಏಳುನೂರು ಪುಟ ಓದಿ ಮುಗಿಸಿದವರು ಆ ಎರಡು ಗುಂಪಲ್ಲಿ ಎಷ್ಟು ಜನ ಇದ್ದಾರು? ಜಗಳ ಪುಸ್ತಕದ ಬಗ್ಗೆ ಆಗಿರಲೇ ಇಲ್ಲ. ಜನ ತೀರ್ಪು ಕೊಡ್ತಾ ಇದ್ದದ್ದು ಬರೆದವನ ಮೇಲೆ.

* * *

ಪುಸ್ತಕದಲ್ಲಿ ಏನಿದೆ ಅಂತೀರಾ? ಬೇಕಾದಷ್ಟು ಮಸಾಲೆ ಇದೆ. ತನ್ನ ನಂತರ ಪ್ರಧಾನಿಯಾದ ಗೋರ್ಡನ್ ಬ್ರೌನ್ ಜೊತೆಗಿನ ಗುದ್ದಾಟ ಇದೆ. ಇವರಿಬ್ಬರ ಒಳಒಪ್ಪಂದದ ಮೇಲೆ ಅದೇ ಫ್ರಿಯರ್ಸ್, ಅದೇ ಮಾರ್ಗನ್, ಅದೇ ಮೈಕೆಲ್ ಶೀನ್ ಸೇರಿ 2003ರಲ್ಲೇ 'ದಿ ಡೀಲ್' ಅಂತ ಟೀವಿ ಚಿತ್ರ ತೆಗೆದಿದ್ದರು. ಬ್ರೌನ್ ಸುಮ್ಮನಿರ್ತಾರಾ? 2017ರಲ್ಲಿ ತಮ್ಮದೂ ಆತ್ಮಕಥೆ ಬರೆದರು. ಒಂದೇ ಸೀನು, ಎರಡು ಕ್ಯಾಮರಾ! ಸಂಜೆ ಹೊತ್ತು ಗುಂಡು ಹಾಕುತ್ತಿದ್ದ ಸಂಗತಿಯನ್ನೂ ಬ್ಲೇರ್ ಮುಚ್ಚಿಟ್ಟಿಲ್ಲ. ಪೀಟರ್ ಮಾರ್ಗನ್ ಜಿನ್ನಿನ ಮಾತೆತ್ತಿದ್ದು ಸುಮ್ಮನೇ ಅಲ್ಲ ಅನ್ನಿ.

ಆದರೆ ಜನ ಹುಡುಕಿದ್ದು ಒಂದೇ ಮಾತನ್ನ. ತಪ್ಪಾಯ್ತು ಅನ್ನೋ ಮಾತು. ಅದು ಸಿಗಲಿಲ್ಲ. ಸತ್ತವರನ್ನ ನೆನೆದು ಸಂಕಟಪಟ್ಟದ್ದನ್ನ ಬರೆದಿದ್ದಾರೆ. ಆದರೆ ಯುದ್ಧಕ್ಕೆ ಹೋದ ತೀರ್ಮಾನಕ್ಕೆ ಮಾತ್ರ ವಿಷಾದ ಇಲ್ಲ ಅಂತಾರೆ.

ಮಾತಿನ ಬದಲು ದುಡ್ಡು ಬಂತು. ಪುಸ್ತಕಕ್ಕೆ ಸಿಕ್ಕ ಮುಂಗಡ 46 ಲಕ್ಷ ಪೌಂಡು ಅಂತ ಸುದ್ದಿ. ಆ ಮುಂಗಡ, ಮುಂದೆ ಬರೋ ರಾಯಲ್ಟಿ, ಎಲ್ಲ ಸೇರಿಸಿ ರಾಯಲ್ ಬ್ರಿಟಿಷ್ ಲೀಜನ್ ಅನ್ನೋ ಮಾಜಿ ಸೈನಿಕರ ಸಂಸ್ಥೆಗೆ ಕೊಟ್ಟುಬಿಟ್ಟರು. ಗಾಯಗೊಂಡ ಸೈನಿಕರು ಚೇತರಿಸಿಕೊಳ್ಳೋಕೆ ಕ್ರೀಡಾಕೇಂದ್ರ ಕಟ್ಟಲಿ ಅಂತ. ಇಲ್ಲೂ ಜನ ಎರಡು ಪಾಲು. ಮಗನನ್ನ ಕಳಕೊಂಡ ಕೆಲವರು ಇದು ರಕ್ತದ ದುಡ್ಡು ಅಂದರು. ಇನ್ನು ಕೆಲವರು, ದುಡ್ಡು ಎಲ್ಲಿಂದಲಾದರೂ ಬರಲಿ, ಕಾಲು ಹೋದ ಹುಡುಗನಿಗೆ ಆಸರೆ ಆದರೆ ಸಾಕು ಅಂದರು. ಸಂಸ್ಥೆ ಹಣ ಪಡೆಯಿತು. ಯಾರು ಸರಿ? ನನ್ನ ಕೇಳಿದರೆ, ಇಬ್ಬರ ದುಃಖವೂ ಒಂದೇ. ಅದನ್ನ ತೂಗೋ ತಕ್ಕಡಿ ನನ್ನ ಹತ್ತಿರ ಇಲ್ಲ. ಒಂದು ಮಾತ್ರ ಹೇಳಬಲ್ಲೆ. ದಾನ ಒಳ್ಳೆಯದೇ, ಆದರೆ ಕೇಳಿದ್ದು ದಾನವನ್ನಲ್ಲ.

* * *

ಇಲ್ಲಿ ಇನ್ನೊಂದು ಚಿತ್ರದ ಸುದ್ದಿ ಹೇಳದಿದ್ದರೆ ಚಿತ್ರರಸಿಕರಿಗೆ ಮೋಸ ಆಗುತ್ತೆ. ರಾಬರ್ಟ್ ಹ್ಯಾರಿಸ್ ಅಂತ ಒಬ್ಬ ಕಾದಂಬರಿಕಾರ. ಮೊದಲು ಬ್ಲೇರ್ ಅಭಿಮಾನಿ, ಇರಾಕ್ ಯುದ್ಧ ಆದಮೇಲೆ ದೂರ ಆದವನು. 2007ರಲ್ಲಿ 'ದಿ ಘೋಸ್ಟ್' ಅಂತ ಕಾದಂಬರಿ ಬರೆದ. ಕುರ್ಚಿ ಬಿಟ್ಟ ಒಬ್ಬ ಪ್ರಧಾನಿ, ಅವನ ಮೇಲೆ ಯುದ್ಧಾಪರಾಧದ ಆರೋಪ, ಅವನ ಆತ್ಮಕಥೆಯನ್ನ ಗುಟ್ಟಾಗಿ ಬರೆದುಕೊಡೋಕೆ ಬಂದ ಬಾಡಿಗೆ ಬರಹಗಾರ. ಇವನಿಗಿಂತ ಮೊದಲು ಆ ಕೆಲಸಕ್ಕಿದ್ದವನು ನೀರಿನಲ್ಲಿ ಹೆಣವಾಗಿದ್ದಾನೆ! ರೋಮನ್ ಪೊಲಾನ್ಸ್ಕಿ ಇದನ್ನ 'ದಿ ಘೋಸ್ಟ್ ರೈಟರ್' ಅಂತ ಚಿತ್ರ ಮಾಡಿ ಬರ್ಲಿನ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಹೊಡೆದ. ಪ್ರಧಾನಿ ಪಾತ್ರಕ್ಕೆ ನಮ್ಮ ಹಳೇ ಜೇಮ್ಸ್‌ಬಾಂಡ್ ಪಿಯರ್ಸ್ ಬ್ರಾಸ್ನನ್, ಬರಹಗಾರನಾಗಿ ಇವಾನ್ ಮೆಕ್‌ಗ್ರೆಗರ್. ಚಿತ್ರ ಬಂದದ್ದು 2010ರ ಫೆಬ್ರವರಿ. ಅಸಲಿ ಆತ್ಮಕಥೆಗಿಂತ ಆರು ತಿಂಗಳು ಮೊದಲೇ!

ಬ್ಲೇರ್ ಮಾತ್ರ ತಮ್ಮ ಪುಸ್ತಕ ತಾವೇ ಕೈಯಾರೆ ಬರೆದದ್ದು ಅಂದರು. ಇರಲಿ, ನಂಬೋಣ. ಬಾಡಿಗೆ ಬರಹಗಾರ ಇದ್ದಾನೋ ಇಲ್ಲವೋ ಅನ್ನೋದು ದೊಡ್ಡ ವಿಷಯ ಅಲ್ಲ. ಆತ್ಮಕಥೆ ಅನ್ನೋ ಚಿತ್ರದಲ್ಲಿ ಹೀರೋ ತಾನೇ, ಕಥೆ ತನ್ನದೇ, ಡೈರೆಕ್ಷನ್ ತನ್ನದೇ, ಎಡಿಟಿಂಗ್ ತನ್ನದೇ. ಸೆನ್ಸಾರ್ ಬೋರ್ಡಿನಲ್ಲೂ ತಾನೊಬ್ಬನೇ. ಯಾವ ರೀಲು ಕತ್ತರಿಸಿ ಡಬ್ಬಕ್ಕೆ ಹಾಕಿದ ಅನ್ನೋದು ನಮಗೆ ಗೊತ್ತಾಗೋದು ಹೇಗೆ?

ಅದಕ್ಕೇ ಬೇರೆಯವರು ಬೇಕು. ಬ್ರಿಟನ್ನಿನಲ್ಲಿ ಜಾನ್ ಚಿಲ್ಕಾಟ್ ಅನ್ನೋ ಹಿರಿಯ ಅಧಿಕಾರಿ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಅವರ ವರದಿ ಬಂದದ್ದು 2016ರ ಜುಲೈ 6. ಇಪ್ಪತ್ತಾರು ಲಕ್ಷ ಪದ! ಶಾಂತಿಯ ದಾರಿಗಳು ಮುಗಿಯೋ ಮೊದಲೇ ಯುದ್ಧಕ್ಕೆ ಹೋದರು, ಅಸ್ತ್ರಗಳ ಬಗ್ಗೆ ಅಷ್ಟು ಖಚಿತವಾಗಿ ಹೇಳಿದ್ದಕ್ಕೆ ಆಧಾರ ಇರಲಿಲ್ಲ ಅಂತ ವರದಿ ಹೇಳಿತು. ಯುದ್ಧಕ್ಕೆ ಎಂಟು ತಿಂಗಳು ಮೊದಲೇ, 2002ರ ಜುಲೈನಲ್ಲೇ, ಏನೇ ಆಗಲಿ ನಿಮ್ಮ ಜೊತೆ ಇರ್ತೀನಿ ಅಂತ ಬ್ಲೇರ್ ಅಮೆರಿಕದ ಅಧ್ಯಕ್ಷ ಬುಷ್‌ಗೆ ಬರೆದ ಪತ್ರವೂ ಹೊರಗೆ ಬಂತು. ಅವತ್ತು ಬ್ಲೇರ್ ಗದ್ಗದ ಕಂಠದಲ್ಲಿ ದುಃಖ ತೋಡಿಕೊಂಡರು, ಕ್ಷಮೆ ಅನ್ನೋ ಪದವನ್ನೂ ಬಳಸಿದರು. ಆದರೆ ಮತ್ತೆ ಅದೇ ಪರಿಸ್ಥಿತಿ ಬಂದರೆ ಅದೇ ತೀರ್ಮಾನ ಮಾಡ್ತೀನಿ ಅಂದರು.

ಜಗಳ ಅಲ್ಲಿಗೂ ಮುಗಿಯಲಿಲ್ಲ. 2021ರ ಕೊನೇ ದಿನ ಬ್ಲೇರ್‌ಗೆ 'ಸರ್' ಬಿರುದು ಘೋಷಣೆ ಆಯ್ತು. ಅದನ್ನ ವಾಪಸ್ ಪಡೆಯಿರಿ ಅಂತ ಹತ್ತು ಲಕ್ಷಕ್ಕೂ ಮೀರಿ ಜನ ಸಹಿ ಹಾಕಿದರು. ಬಿರುದು ವಾಪಸ್ ಆಗಲಿಲ್ಲ.

* * *

ಈಗ ಪಾಠಕ್ಕೆ ಬರ್ತೀನಿ.

ನಾವು ಒಬ್ಬ ನಟನನ್ನ ಮೆಚ್ಚಿದರೆ ಮೆಚ್ಚಿದ್ದೇ. ಮೊದಲ ದಿನ ಮೊದಲ ಆಟ, ಬ್ಲಾಕಿನಲ್ಲಾದರೂ ಟಿಕೆಟ್ ತಗೋತೀವಿ. ಚಿತ್ರ ಡಬ್ಬಾ ಆದರೆ ಬೈಕೊಂಡು ಮನೆಗೆ ಬರ್ತೀವಿ, ಮುಂದಿನ ಚಿತ್ರಕ್ಕೆ ಮತ್ತೆ ಹೋಗ್ತೀವಿ. ನಷ್ಟ ಏನು? ಟಿಕೆಟ್ ದುಡ್ಡು, ಮೂರು ಗಂಟೆ ಹೊತ್ತು. ತೆರೆ ಮೇಲೆ ಸತ್ತವರು ಶಾಟ್ ಮುಗಿದಮೇಲೆ ಮೈ ಕೊಡವಿ ಎದ್ದು ಕಾಫಿ ಕುಡೀತಾರೆ. ಅದಕ್ಕೇ ಅಲ್ಲಿ ಲೆಕ್ಕ ಇಡದ ಅಭಿಮಾನಕ್ಕೆ ಜಾಗ ಇದೆ. ಇರಲಿ, ಚೆನ್ನಾಗಿರಲಿ.

ಓಟು ಕೇಳಿಕೊಂಡು ಬಂದವನಿಗೆ ಆ ಅಭಿಮಾನ ಕೊಡಬೇಡಿ. ಅವನು ಎಷ್ಟೇ ಚೆಂದ ಮಾತಾಡಲಿ, ಎಷ್ಟೇ ಚೆಂದ ಬರೆಯಲಿ. ಅವನ ಚಿತ್ರ ಡಬ್ಬಾ ಆದರೆ ಹೋಗೋದು ಟಿಕೆಟ್ ದುಡ್ಡಲ್ಲ. ಯಾರದೋ ಮನೆಯ ಮಗ ಹೋಗ್ತಾನೆ. ಅವನು ಶಾಟ್ ಮುಗಿದಮೇಲೆ ಎದ್ದು ಬರೋದಿಲ್ಲ. ಹಾಗಂತ ಚಪ್ಪಲಿಯೂ ಬೇಡ. ಚಪ್ಪಲಿ ಎಸೆದರೆ ಮಾರನೇ ದಿನ ಪೇಪರಿನಲ್ಲಿ ಸುದ್ದಿ ಚಪ್ಪಲಿಯದ್ದೇ ಆಗುತ್ತೆ, ಲೆಕ್ಕ ಮರೆತುಹೋಗುತ್ತೆ. ಪುಸ್ತಕ ಓದಿ. ಅದರ ಪಕ್ಕದಲ್ಲಿ ವಿಚಾರಣೆ ವರದಿಯ ಸಾರಾಂಶ ಇಟ್ಟುಕೊಂಡು ಓದಿ. ಎಲ್ಲಿ ಸೀನು ಹಾರಿದೆ ಅಂತ ನಿಮಗೇ ಕಾಣುತ್ತೆ. ಕಂಟಿನ್ಯೂಟಿ ತಪ್ಪಿದರೆ ಕಂಡುಹಿಡಿಯೋದರಲ್ಲಿ ನಮ್ಮ ಹುಡುಗರನ್ನ ಮೀರಿಸಿದವರು ಯಾರಿದ್ದಾರೆ? ಒಂದು ಶಾಟಿನಲ್ಲಿ ಎಡಗೈಗಿದ್ದ ವಾಚು ಇನ್ನೊಂದು ಶಾಟಿನಲ್ಲಿ ಬಲಗೈಗೆ ಬಂದರೆ ಥಿಯೇಟರ್ ಹಾರಿಹೋಗೋ ಹಾಗೆ ಕೂಗ್ತೀರಿ. ಆ ಕಣ್ಣನ್ನ ಸ್ವಲ್ಪ ಈ ಕಡೆಗೂ ತಿರುಗಿಸಿ.

ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, 179 ಅನ್ನೋ ಅಂಕಿ? 1997ರಲ್ಲಿ ಜನ ಬ್ಲೇರ್‌ಗೆ ಕೊಟ್ಟ ಬಹುಮತ 179. ಇರಾಕಿನಲ್ಲಿ ಪ್ರಾಣ ಬಿಟ್ಟ ಬ್ರಿಟಿಷ್ ಸೈನಿಕರು ಎಷ್ಟು ಗೊತ್ತಾ? ಅದೂ 179.

ಯಾವ ಸಂಭಾಷಣೆಕಾರನೂ ಇದನ್ನ ಬರೆಯೋಕೆ ಧೈರ್ಯ ಮಾಡ್ತಿರಲಿಲ್ಲ. ಬರೆದಿದ್ದರೆ, ಇದು ಸಿನಿಮಾದಲ್ಲಿ ಮಾತ್ರ ನಡೆಯೋದು ಅಂತ ನೀವೇ ನಗ್ತಿದ್ದಿರಿ.

ಮುಂದಿನ ವಾರ ಗಾಂಧಿನಗರಕ್ಕೇ ವಾಪಸ್. ಅಲ್ಲಿವರೆಗೆ ನಮಸ್ಕಾರ.